ಪುಟ್ಟ ಬೋರ್ಡಿನಲ್ಲಿ ಪೈಥಾನ್

ರಾಸ್ಪ್‌ಬೆರಿ ಪೈ ಪಿಕೊ ಎಂಬ ಬೋರ್ಡಿನ ಉದ್ದ 51 ಮಿಲಿಮೀಟರ್, ಅಗಲ 21 ಮಿಲಿಮೀಟರ್. 2021ರ ಜನವರಿಯಲ್ಲಿ ಬಿಡುಗಡೆಯಾದಾಗ ಅದರ ಬೆಲೆ 4 ಡಾಲರ್. ಅದಕ್ಕೆ ಪರದೆ ಇಲ್ಲ, ಕೀಲಿಮಣೆ ಇಲ್ಲ, ವಿಂಡೋಸ್ ಅಥವಾ ಲಿನಕ್ಸ್‌ನಂಥ ಆಪರೇಟಿಂಗ್ ಸಿಸ್ಟಂ ಕೂಡ ಇಲ್ಲ. ಆದರೂ ಅದರ ಮೇಲೆ ಪೈಥಾನ್ ಓಡುತ್ತದೆ. ಬ್ಯಾಂಕುಗಳ ಲೆಕ್ಕಾಚಾರದಿಂದ ಕೃತಕ ಬುದ್ಧಿಮತ್ತೆಯವರೆಗೆ ದೊಡ್ಡ ಕಂಪ್ಯೂಟರುಗಳಲ್ಲಿ ಬಳಕೆಯಾಗುವ ಭಾಷೆ ಇಷ್ಟು ಸಣ್ಣ ಜಾಗದಲ್ಲಿ ಹೇಗೆ ಕೂತಿತು, ಅಲ್ಲಿ ಅದು ಏನು ಮಾಡಬಲ್ಲದು, ಎಲ್ಲಿ ಸೋಲುತ್ತದೆ ಎಂಬುದು ಈ ಲೇಖನದ ವಿಷಯ.

ಡೆವಲಪ್‌ಮೆಂಟ್ ಬೋರ್ಡ್ ಎಂದರೆ

ವಾಷಿಂಗ್ ಮೆಷೀನು, ಮೈಕ್ರೊವೇವ್ ಒಲೆ, ಸ್ಕೂಟರಿನ ಮೀಟರು, ಕರೆಂಟ್ ಮೀಟರು, ಇವೆಲ್ಲದರ ಒಳಗೂ ಒಂದು ಮೈಕ್ರೊಕಂಟ್ರೋಲರ್ ಇರುತ್ತದೆ. ಪ್ರೊಸೆಸರ್, ಮೆಮೊರಿ ಮತ್ತು ಹೊರಜಗತ್ತಿನ ಜೊತೆ ವ್ಯವಹರಿಸುವ ಪಿನ್ನುಗಳು ಒಂದೇ ಚಿಪ್ಪಿನಲ್ಲಿ ಸೇರಿದರೆ ಅದು ಮೈಕ್ರೊಕಂಟ್ರೋಲರ್. ಬರಿಯ ಚಿಪ್ಪನ್ನು ಕೈಗೆ ಕೊಟ್ಟರೆ ಕಲಿಯುವವರಿಂದ ಏನೂ ಮಾಡಲಾಗದು. ಅದಕ್ಕೆ ಸರಿಯಾದ ವೋಲ್ಟೇಜ್ ಬೇಕು, ಪ್ರೋಗ್ರಾಂ ತುಂಬಲು ದಾರಿ ಬೇಕು, ತಂತಿ ಸಿಕ್ಕಿಸಲು ಅನುಕೂಲ ಬೇಕು. ಇವೆಲ್ಲವನ್ನೂ ಒಂದು ಹಲಗೆಯ ಮೇಲೆ ಜೋಡಿಸಿ, ಯುಎಸ್‌ಬಿ ಕೇಬಲ್ ಒಂದರಿಂದಲೇ ಕೆಲಸ ಶುರುಮಾಡುವಂತೆ ತಯಾರಿಸಿದ್ದೇ ಡೆವಲಪ್‌ಮೆಂಟ್ ಬೋರ್ಡ್.

2005ರಲ್ಲಿ ಇಟಲಿಯ ಇವ್ರಿಯಾ ಪಟ್ಟಣದ ಡಿಸೈನ್ ಶಾಲೆಯೊಂದರಲ್ಲಿ ಹುಟ್ಟಿದ ಆರ್ಡ್ವಿನೊ ಈ ಬೋರ್ಡುಗಳನ್ನು ಎಂಜಿನಿಯರುಗಳ ಪ್ರಯೋಗಶಾಲೆಯಿಂದ ಹೊರತಂದು ಕಲಾವಿದರ, ವಿದ್ಯಾರ್ಥಿಗಳ ಮೇಜಿಗೆ ತಲುಪಿಸಿತು. ಅದು ಮಾಡಿದ ಉಪಕಾರ ದೊಡ್ಡದು. ಆದರೆ ಆರ್ಡ್ವಿನೊ ಬಳಸುವ ಭಾಷೆ ಮೂಲತಃ ಸಿ++. ಅದರ ಜನಪ್ರಿಯ ಊನೊ ಬೋರ್ಡಿನ ಚಿಪ್ಪಿನಲ್ಲಿ ಪ್ರೋಗ್ರಾಮಿಗೆ 32 ಕಿಲೊಬೈಟ್ ಜಾಗ, ಕೆಲಸ ಮಾಡಲು 2 ಕಿಲೊಬೈಟ್ ರ್‍ಯಾಮ್. ಅಲ್ಲಿ ಪೈಥಾನ್‌ಗೆ ಕಾಲಿಡಲೂ ಜಾಗವಿಲ್ಲ.

ಸಿ ಭಾಷೆಯ ಕಾಲ, ಬೇಸಿಕ್‌ನ ಪ್ರಯತ್ನ

ನಮ್ಮ ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಎಲೆಕ್ಟ್ರಾನಿಕ್ಸ್ ಓದಿದವರಿಗೆ 8051 ಎಂಬ ಹೆಸರು ಮರೆಯುವಂಥದ್ದಲ್ಲ. ಇಂಟೆಲ್ ಕಂಪನಿ 1980ರಲ್ಲಿ ತಂದ ಈ ಮೈಕ್ರೊಕಂಟ್ರೋಲರಿನಲ್ಲಿ ಪ್ರೋಗ್ರಾಮಿಗೆ 4 ಕಿಲೊಬೈಟ್ ರಾಮ್ (ಓದಲಷ್ಟೇ ಆಗುವ ಮೆಮೊರಿ), ಕೇವಲ 128 ಬೈಟ್ ರ್‍ಯಾಮ್ ಇತ್ತು. ಇಷ್ಟು ಇಕ್ಕಟ್ಟಿನಲ್ಲಿ ಒಂದೊಂದು ಬೈಟನ್ನೂ ಎಣಿಸಿಯೇ ಬಳಸಬೇಕು. ಹಾಗಾಗಿ ಮೊದಲು ಅಸೆಂಬ್ಲಿ, ಆಮೇಲೆ ಸಿ ಈ ಕ್ಷೇತ್ರವನ್ನು ಆಳಿದವು. ಸಿ ಭಾಷೆ ಇಂದಿಗೂ ಆಳುತ್ತಿದೆ; ಕೈಗಾರಿಕೆಯಲ್ಲಿ ತಯಾರಾಗುವ ಬಹುಪಾಲು ಉಪಕರಣಗಳ ಫರ್ಮ್‌ವೇರ್ ಬರೆಯುವುದು ಸಿ ಅಥವಾ ಸಿ++ನಲ್ಲೇ.

ಆದರೆ ಸಿ ಭಾಷೆಯ ಕೆಲಸದ ಕ್ರಮ ಕಲಿಯುವವರ ತಾಳ್ಮೆ ಪರೀಕ್ಷಿಸುತ್ತದೆ. ಕೋಡ್ ಬರೆಯಬೇಕು, ಕಂಪೈಲ್ ಮಾಡಬೇಕು, ಬೋರ್ಡಿಗೆ ತುಂಬಬೇಕು, ಓಡಿಸಿ ನೋಡಬೇಕು. ಒಂದು ಪಿನ್ನಿನ ಸಂಖ್ಯೆ ತಪ್ಪಿದ್ದರೂ ಮತ್ತೆ ಮೊದಲಿನಿಂದ ಸುತ್ತು. ತಪ್ಪು ಎಲ್ಲಿದೆ ಎಂದು ಬೋರ್ಡ್ ಹೇಳುವುದಿಲ್ಲ, ಸುಮ್ಮನೆ ಕೂತಿರುತ್ತದೆ.

ಈ ಸುತ್ತನ್ನು ಕಡಿಮೆ ಮಾಡುವ ಆಸೆ ಹೊಸದಲ್ಲ. 1980ರ ದಶಕದಲ್ಲೇ ಇಂಟೆಲ್ ತನ್ನ 8052 ಚಿಪ್ಪಿನ ಒಂದು ಮಾದರಿಯ ರಾಮ್‌ನಲ್ಲಿ ಬೇಸಿಕ್ ಭಾಷೆಯನ್ನು ಹುದುಗಿಸಿ ಮಾರಿತು. 1992ರಲ್ಲಿ ಅಮೆರಿಕದ ಪ್ಯಾರಲ್ಯಾಕ್ಸ್ ಕಂಪನಿ ಬೇಸಿಕ್ ಸ್ಟ್ಯಾಂಪ್ ತಂದಿತು. ಅದರ ಮೊದಲ ಮಾದರಿಯಲ್ಲಿ ಪ್ರೋಗ್ರಾಮಿಗೆ ಇದ್ದ ಜಾಗ 256 ಬೈಟ್. ಇವು ಓಡುತ್ತಿದ್ದವು, ಕಲಿಸುತ್ತಿದ್ದವು, ಆದರೆ ನಿಧಾನ. ಉನ್ನತ ಮಟ್ಟದ ಭಾಷೆ ಎಂದರೆ ಆಟಿಕೆ ಎಂಬ ಅಭಿಪ್ರಾಯ ಬೆಳೆದದ್ದು ಆ ಕಾಲದಲ್ಲಿ. ಅದು ಬದಲಾಗಲು ಚಿಪ್ಪುಗಳು ಬದಲಾಗಬೇಕಿತ್ತು. 32 ಬಿಟ್‌ನ ಆರ್ಮ್ ಕಾರ್ಟೆಕ್ಸ್ ಚಿಪ್ಪುಗಳು ಅಗ್ಗವಾಗಿ, ನೂರಾರು ಕಿಲೊಬೈಟ್ ಮೆಮೊರಿ ಕೆಲವು ನೂರು ರೂಪಾಯಿಗೆ ಸಿಗುವಂತಾದ ಮೇಲೆ ಹಳೆಯ ಲೆಕ್ಕಾಚಾರ ಬುಡಮೇಲಾಯಿತು.

ಮೈಕ್ರೊಪೈಥಾನ್ ಹುಟ್ಟಿದ್ದು

ಡೇಮಿಯನ್ ಜಾರ್ಜ್ ಆಸ್ಟ್ರೇಲಿಯಾ ಮೂಲದ ಭೌತವಿಜ್ಞಾನಿ. ಕೇಂಬ್ರಿಜ್‌ನಲ್ಲಿ ಸೈದ್ಧಾಂತಿಕ ಭೌತಶಾಸ್ತ್ರದಲ್ಲಿ ಸಂಶೋಧನೆ ಮಾಡುತ್ತಿದ್ದ ಅವರು 2013ರಲ್ಲಿ ಮೈಕ್ರೊಕಂಟ್ರೋಲರಿನೊಳಗೆ ಪೈಥಾನ್ ಓಡಿಸುವ ಕೆಲಸಕ್ಕೆ ಕೈಹಾಕಿದರು. ಗೀಡೊ ವಾನ್ ರೋಸಂ 1991ರಲ್ಲಿ ಪ್ರಕಟಿಸಿದ ಮೂಲ ಪೈಥಾನನ್ನು ಕತ್ತರಿಸಿ ಚಿಕ್ಕದು ಮಾಡಲು ಅವರು ಹೋಗಲಿಲ್ಲ. ಭಾಷೆಯ ನಿಯಮಗಳನ್ನು ಬಹುಮಟ್ಟಿಗೆ ಹಾಗೇ ಇಟ್ಟುಕೊಂಡು ಅದನ್ನು ನಡೆಸುವ ಯಂತ್ರವನ್ನು ಸಿ ಭಾಷೆಯಲ್ಲಿ ಮೊದಲಿನಿಂದ ಬರೆದರು.

ಅದೇ ವರ್ಷದ ಕೊನೆಯಲ್ಲಿ ಕಿಕ್‌ಸ್ಟಾರ್ಟರ್ ಮೂಲಕ ಜನರಿಂದ 15,000 ಪೌಂಡ್ ಕೇಳಿದರು. 1,900ಕ್ಕೂ ಹೆಚ್ಚು ಜನ ಸೇರಿ 97,000 ಪೌಂಡಿಗೂ ಮಿಕ್ಕಿ ಕೊಟ್ಟರು. ಆ ಹಣದಲ್ಲಿ ತಯಾರಾದ ಪೈಬೋರ್ಡ್‌ನಲ್ಲಿ 168 ಮೆಗಾಹರ್ಟ್ಸ್ ವೇಗದ ಕಾರ್ಟೆಕ್ಸ್ ಎಂ4 ಚಿಪ್, 1 ಮೆಗಾಬೈಟ್ ಫ್ಲ್ಯಾಶ್, 192 ಕಿಲೊಬೈಟ್ ರ್‍ಯಾಮ್ ಇದ್ದವು. ಸಾಫ್ಟ್‌ವೇರನ್ನು ಎಂಐಟಿ ಲೈಸೆನ್ಸ್ ಅಡಿಯಲ್ಲಿ ಎಲ್ಲರಿಗೂ ಮುಕ್ತವಾಗಿ ಬಿಟ್ಟುಕೊಟ್ಟರು. ಈ ಕೊನೆಯ ನಿರ್ಧಾರವೇ ಎಲ್ಲಕ್ಕಿಂತ ದೂರ ಹೋಯಿತು ಎಂಬುದು ನನ್ನ ಅಭಿಪ್ರಾಯ. ಪೈಬೋರ್ಡ್ ಕೊಂಡವರು ಕೆಲವರೇ ಇದ್ದರೂ ಮೈಕ್ರೊಪೈಥಾನ್ ಹತ್ತಾರು ಕಂಪನಿಗಳ ಚಿಪ್ಪುಗಳಿಗೆ ಹಬ್ಬಿತು. ಶಾಂಘೈನ ಎಸ್ಪ್ರೆಸಿಫ್ ಕಂಪನಿಯ ಇಎಸ್‌ಪಿ8266, ಇಎಸ್‌ಪಿ32 ಎಂಬ ವೈಫೈ ಚಿಪ್ಪುಗಳಿಗೆ ಬಂತು. ಲೆಗೊ ಸಂಸ್ಥೆಯ ಸ್ಪೈಕ್ ಪ್ರೈಮ್ ರೋಬಾಟ್ ಪೆಟ್ಟಿಗೆಯೊಳಗೆ ಇರುವುದು ಅದೇ. ಫ್ರಾನ್ಸಿನ ನಮ್‌ವರ್ಕ್ಸ್ ಕ್ಯಾಲ್ಕುಲೇಟರಿನಲ್ಲೂ ಅದಿದೆ. ಬಾಹ್ಯಾಕಾಶ ನೌಕೆಗಳಲ್ಲಿ ಬಳಸಬಹುದೇ ಎಂದು ನೋಡಲು ಯುರೋಪಿನ ಬಾಹ್ಯಾಕಾಶ ಸಂಸ್ಥೆಯೂ ಈ ಯೋಜನೆಗೆ ಹಣ ನೀಡಿತು.

ಮಕ್ಕಳಿಗೆ ಇದನ್ನು ತಲುಪಿಸಿದ್ದು ಬಿಬಿಸಿ ಮೈಕ್ರೊಬಿಟ್. 2016ರಲ್ಲಿ ಬ್ರಿಟನ್ನಿನ 11–12 ವರ್ಷದ ಶಾಲಾಮಕ್ಕಳಿಗೆ ಸುಮಾರು 10 ಲಕ್ಷ ಬೋರ್ಡುಗಳನ್ನು ಉಚಿತವಾಗಿ ಹಂಚುವ ಯೋಜನೆ ಅದು. 25 ಪುಟ್ಟ ಕೆಂಪು ಎಲ್‌ಇಡಿಗಳ ಆ ಬೋರ್ಡಿನಲ್ಲಿ ಇದ್ದ ರ್‍ಯಾಮ್ ಬರಿಯ 16 ಕಿಲೊಬೈಟ್. ಅಷ್ಟರಲ್ಲೇ ಪೈಥಾನ್ ಓಡಿತು. ಅಮೆರಿಕದ ಏಡಾಫ್ರೂಟ್ ಕಂಪನಿ 2017ರಲ್ಲಿ ಮೈಕ್ರೊಪೈಥಾನಿನಿಂದ ಕವಲೊಡೆಸಿ ಸರ್ಕಿಟ್‌ಪೈಥಾನ್ ತಂದಿತು. ಅದರಲ್ಲಿ ಬೋರ್ಡು ಕಂಪ್ಯೂಟರಿಗೆ ಪೆನ್‌ಡ್ರೈವ್‌ನಂತೆ ಕಾಣಿಸಿಕೊಳ್ಳುತ್ತದೆ; ಅದರೊಳಗಿನ ಕಡತವನ್ನು ತಿದ್ದಿ ಉಳಿಸಿದೊಡನೆ ಹೊಸ ಪ್ರೋಗ್ರಾಂ ಓಡತೊಡಗುತ್ತದೆ. ತರಗತಿಯಲ್ಲಿ ಕಲಿಸುವವರಿಗೆ ಇದು ವರದಾನ.

ಚಿಪ್ಪಿನೊಳಗೆ ನಡೆಯುವುದೇನು

ಸಿ ಭಾಷೆಯ ಪ್ರೋಗ್ರಾಂ ನಮ್ಮ ಲ್ಯಾಪ್‌ಟಾಪಿನಲ್ಲೇ ಯಂತ್ರಭಾಷೆಗೆ ಬದಲಾಗುತ್ತದೆ. ಬೋರ್ಡಿಗೆ ಹೋಗುವುದು ಸಿದ್ಧ ಆದೇಶಗಳ ಮಾಲೆ ಮಾತ್ರ. ಮೈಕ್ರೊಪೈಥಾನಿನಲ್ಲಿ ಕಂಪೈಲರೇ ಬೋರ್ಡಿನೊಳಗೆ ಇರುತ್ತದೆ. ನಾವು ಕಳಿಸಿದ ಪಠ್ಯವನ್ನು ಅದು ಅಲ್ಲೇ ಓದಿ, ಬೈಟ್‌ಕೋಡ್ ಎಂಬ ಅಡಕ ರೂಪಕ್ಕೆ ತಿರುಗಿಸುತ್ತದೆ. ವರ್ಚುವಲ್ ಮೆಷೀನ್ ಎಂಬ ಭಾಗ ಆ ಬೈಟ್‌ಕೋಡನ್ನು ಒಂದೊಂದಾಗಿ ನಡೆಸುತ್ತದೆ. ಈ ಇಡೀ ಸಂಸಾರ, ಅಂದರೆ ಕಂಪೈಲರ್, ವರ್ಚುವಲ್ ಮೆಷೀನ್, ಮೆಮೊರಿ ನಿರ್ವಹಣೆ, ಮೂಲ ಲೈಬ್ರರಿಗಳು ಎಲ್ಲ ಸೇರಿ, 256 ಕಿಲೊಬೈಟ್ ಕೋಡ್ ಜಾಗ ಮತ್ತು 16 ಕಿಲೊಬೈಟ್ ರ್‍ಯಾಮ್‌ನಲ್ಲಿ ಹಿಡಿಯುತ್ತದೆ. ಮೊಬೈಲಿನಲ್ಲಿ ತೆಗೆದ ಒಂದು ಫೋಟೊ ಇದಕ್ಕಿಂತ ಹತ್ತಾರು ಪಟ್ಟು ದೊಡ್ಡದಿರುತ್ತದೆ.

ಪಿಕೊ ಬೋರ್ಡಿನ ಆರ್‌ಪಿ2040 ಚಿಪ್ಪಿನಲ್ಲಿ ಎರಡು ಕಾರ್ಟೆಕ್ಸ್ ಎಂ0+ ತಿರುಳುಗಳು (ಕೋರ್), 264 ಕಿಲೊಬೈಟ್ ರ್‍ಯಾಮ್ ಇವೆ. ಬೋರ್ಡಿನ ಮೇಲೆ 2 ಮೆಗಾಬೈಟ್ ಫ್ಲ್ಯಾಶ್. ಮೈಕ್ರೊಪೈಥಾನ್ ತನ್ನ ಪಾಲು ತೆಗೆದುಕೊಂಡ ಮೇಲೆ ನಮ್ಮ ಪ್ರೋಗ್ರಾಮಿಗೆ ಬಹುಪಾಲು ರ್‍ಯಾಮ್, ಕಡತಗಳನ್ನು ಇಡಲು ಸುಮಾರು 1.4 ಮೆಗಾಬೈಟ್ ಜಾಗ ಉಳಿಯುತ್ತದೆ. ಹೌದು, ಬೋರ್ಡಿನೊಳಗೆ ಕಡತ ವ್ಯವಸ್ಥೆಯೂ ಇದೆ. ಲಿಟಲ್‌ಎಫ್‌ಎಸ್ ಎಂಬ ಆ ವ್ಯವಸ್ಥೆಯನ್ನು ಕರೆಂಟ್ ಹಠಾತ್ತನೆ ಹೋದರೂ ಕಡತಗಳು ಹಾಳಾಗದಂತೆ ರೂಪಿಸಲಾಗಿದೆ. ದಿನಕ್ಕೆ ನಾಲ್ಕು ಬಾರಿ ಕರೆಂಟ್ ಹೋಗುವ ಊರಿನಲ್ಲಿ ಉಪಕರಣ ಇಡುವವರು ಇದರ ಬೆಲೆ ಬಲ್ಲರು.

ಹಾರ್ಡ್‌ವೇರಿನ ಕೆಲಸವೆಲ್ಲ ‘ಮೆಷೀನ್’ ಎಂಬ ಮಾಡ್ಯೂಲಿನಲ್ಲಿದೆ. ಪಿನ್ ಆನ್ ಅಥವಾ ಆಫ್ ಮಾಡುವುದು, ವೋಲ್ಟೇಜ್ ಓದುವುದು, ಮೋಟಾರಿನ ವೇಗ ಹೊಂದಿಸುವ ಪಿಡಬ್ಲ್ಯುಎಂ ಸಂಕೇತ ಕೊಡುವುದು, ಐ2ಸಿ ಮತ್ತು ಎಸ್‌ಪಿಐ ತಂತಿಗಳ ಮೇಲೆ ಸೆನ್ಸರುಗಳ ಜೊತೆ ಮಾತಾಡುವುದು ಎಲ್ಲಕ್ಕೂ ಅಲ್ಲಿ ಸಿದ್ಧ ಸಾಧನಗಳಿವೆ. ಚಿಪ್ ಅಥವಾ ಬೋರ್ಡ್ ಬದಲಾದರೂ ಈ ಹೆಸರುಗಳು ಬಹುಮಟ್ಟಿಗೆ ಬದಲಾಗುವುದಿಲ್ಲ. ಉದಾಹರಣೆಗೆ, ಮೂಲ ಪಿಕೊದಲ್ಲಿ ಬೋರ್ಡಿನ ಮೇಲಿನ ದೀಪ 25ನೇ ಪಿನ್ನಿಗೆ ಸೇರಿದೆ. 2022ರಲ್ಲಿ ಬಂದ ವೈಫೈ ಇರುವ ಪಿಕೊ ಡಬ್ಲ್ಯುನಲ್ಲಿ ಅದೇ ದೀಪ ವೈಫೈ ಚಿಪ್ಪಿಗೆ ಅಂಟಿಕೊಂಡಿದೆ. ಒಳಗಿನ ದಾರಿ ಪೂರ್ತಿ ಬೇರೆ. ಪ್ರೋಗ್ರಾಂ ಬರೆಯುವವರು ಸಂಖ್ಯೆಯ ಬದಲು ‘ಎಲ್‌ಇಡಿ’ ಎಂಬ ಹೆಸರಿನಿಂದ ಕರೆದರೆ ಎರಡರಲ್ಲೂ ದೀಪ ಉರಿಯುತ್ತದೆ.

ಮೂರು ಬಾಣಗಳ ಮುಂದೆ

ಪೈಥಾನನ್ನು ಬೋರ್ಡಿಗೆ ತಂದದ್ದರಿಂದ ಆದ ನಿಜವಾದ ಲಾಭ ಯಾವುದು ಎಂದು ಕೇಳಿದರೆ ಸರಳ ವ್ಯಾಕರಣ ಎಂದು ಹಲವರು ಹೇಳುತ್ತಾರೆ. ನನಗೆ ಅದು ಎರಡನೆಯದು. ಮೊದಲನೆಯದು >>> ಎಂಬ ಗುರುತು. ಬೋರ್ಡನ್ನು ಯುಎಸ್‌ಬಿಗೆ ಸಿಕ್ಕಿಸಿ, ಥಾನಿಯಂಥ ಉಚಿತ ತಂತ್ರಾಂಶ ತೆರೆದರೆ (ಎಸ್ಟೋನಿಯಾದ ಟಾರ್ಟು ವಿಶ್ವವಿದ್ಯಾಲಯದಲ್ಲಿ ತಯಾರಾದದ್ದು) ಕೆಳಗಿನ ಕಿಟಕಿಯಲ್ಲಿ ಈ ಮೂರು ಬಾಣಗಳು ಕಾಯುತ್ತಿರುತ್ತವೆ. ಅಲ್ಲಿ ಬರೆದ ಸಾಲು ಎಂಟರ್ ಒತ್ತಿದ ಕ್ಷಣ ಚಿಪ್ಪಿನೊಳಗೆ ನಡೆಯುತ್ತದೆ. ಉತ್ತರ ಅದೇ ಕ್ಷಣ ವಾಪಸು ಬರುತ್ತದೆ. ಈ ಸೌಲಭ್ಯಕ್ಕೆ ರೆಪಲ್ ಎನ್ನುತ್ತಾರೆ.

ಒಂದು ಉದಾಹರಣೆ ನೋಡೋಣ. ಬೋರ್ಡಿಗೆ ಒಂದು ಪುಟ್ಟ ಓಎಲ್‌ಇಡಿ ಪರದೆ ಮತ್ತು ಡಿಎಸ್3231 ಗಡಿಯಾರದ ಮಾಡ್ಯೂಲನ್ನು ಐ2ಸಿ ಎಂಬ ಎರಡು ತಂತಿಗಳ ಮೇಲೆ ಜೋಡಿಸಿದ್ದೇವೆ ಎಂದುಕೊಳ್ಳಿ. ಐ2ಸಿ ಜಾಲದಲ್ಲಿ ಪ್ರತಿ ಸಾಧನಕ್ಕೂ ಒಂದು ಸಂಖ್ಯೆಯ ವಿಳಾಸವಿರುತ್ತದೆ. ರೆಪಲ್‌ನಲ್ಲಿ ‘ಸ್ಕ್ಯಾನ್’ ಆದೇಶ ಕೊಟ್ಟರೆ ಬೋರ್ಡು ಎಲ್ಲ ವಿಳಾಸಗಳನ್ನೂ ಕೂಗಿ ನೋಡಿ, ಓಗೊಟ್ಟವರ ಪಟ್ಟಿ ಕೊಡುತ್ತದೆ: [60, 87, 104]. 60 ಪರದೆಯದು. 104 ಗಡಿಯಾರದ್ದು. ನಾವು ಜೋಡಿಸಿದ್ದು ಎರಡು, ಬಂದದ್ದು ಮೂರು. ಆ 87 ಯಾರು? ಮಾರುಕಟ್ಟೆಯಲ್ಲಿ ಸಾಮಾನ್ಯವಾಗಿ ಸಿಗುವ ಗಡಿಯಾರದ ಮಾಡ್ಯೂಲಿನ ಮೂಲೆಯಲ್ಲಿ ಒಂದು ಪುಟ್ಟ ಮೆಮೊರಿ ಚಿಪ್ ಕೂಡ ಇರುತ್ತದೆ, ಅದರ ವಿಳಾಸ. ಪಟ್ಟಿ ಖಾಲಿಯಾಗಿ ಬಂದರೆ ಅಥವಾ ಬೋರ್ಡ್ ದೋಷ ವರದಿ ಮಾಡಿದರೆ ತಪ್ಪು ಪ್ರೋಗ್ರಾಮಿನದ್ದಲ್ಲ, ತಂತಿಯದ್ದು ಎಂದು ಅರ್ಧ ನಿಮಿಷದಲ್ಲಿ ಗೊತ್ತಾಗುತ್ತದೆ. ತಂತಿ ಅದಲು ಬದಲು ಮಾಡಿ ಮತ್ತೆ ಅದೇ ಸಾಲು ನಡೆಸಿದರೆ ಸಾಕು.

ಸಿ ಭಾಷೆಯಲ್ಲಿ ಇದೇ ಪರೀಕ್ಷೆಗೆ ಬೇರೆಯೇ ಒಂದು ಪ್ರೋಗ್ರಾಂ ಬರೆದು, ತುಂಬಿ, ಓಡಿಸಿ, ಅಳಿಸಿ, ಆಮೇಲೆ ಮೂಲ ಕೆಲಸಕ್ಕೆ ಮರಳಬೇಕು. ಅನುಭವಿಗಳಿಗೆ ಇದು ಅಭ್ಯಾಸವಾಗಿರುತ್ತದೆ. ಹೊಸಬರು ಇಲ್ಲಿಯೇ ಕೈಚೆಲ್ಲುತ್ತಾರೆ. ಎಲೆಕ್ಟ್ರಾನಿಕ್ಸ್‌ನಲ್ಲಿ ದೋಷ ತಂತಿಯಲ್ಲಿದೆಯೋ, ಸೆನ್ಸರಿನಲ್ಲಿದೆಯೋ, ಕೋಡಿನಲ್ಲಿದೆಯೋ ಎಂದು ಬೇರ್ಪಡಿಸುವುದೇ ಅರ್ಧ ವಿದ್ಯೆ. ರೆಪಲ್ ಆ ವಿದ್ಯೆಯನ್ನು ಮೊದಲ ದಿನವೇ ಕೈಗೆ ಕೊಡುತ್ತದೆ.

ಮಣ್ಣಿನ ತೇವ ಅಳೆಯುವ ಪ್ರಯೋಗ

ನಮ್ಮಲ್ಲಿ ಹೆಚ್ಚು ಜನ ಆಸೆಪಡುವ ಪ್ರಯೋಗ ಇದು: ತೋಟದ ಮಣ್ಣು ಒಣಗಿದಾಗ ತಿಳಿಸಬೇಕು ಅಥವಾ ನೀರು ಬಿಡಬೇಕು. ಮಾರುಕಟ್ಟೆಯಲ್ಲಿ ಎರಡು ಬಗೆಯ ತೇವ ಸೆನ್ಸರುಗಳಿವೆ. ಎರಡು ಲೋಹದ ಕಡ್ಡಿಗಳ ನಡುವೆ ಕರೆಂಟ್ ಹರಿಸಿ ಅಳೆಯುವುದು ಅಗ್ಗ. ಆದರೆ ಒದ್ದೆ ಮಣ್ಣಿನಲ್ಲಿ ಸದಾ ಕರೆಂಟ್ ಹರಿದರೆ ಕಡ್ಡಿಯ ಲೋಹ ಬೇಗನೆ ಸವೆದುಹೋಗುತ್ತದೆ. ಕೆಪ್ಯಾಸಿಟನ್ಸ್ ಅಳೆಯುವ ಬಗೆಯಲ್ಲಿ ಲೋಹ ಮಣ್ಣಿಗೆ ತಾಗುವುದಿಲ್ಲ. ಸ್ವಲ್ಪ ಬೆಲೆ ಹೆಚ್ಚಾದರೂ ಅದನ್ನೇ ಕೊಳ್ಳಿ.

ಪಿಕೊದಲ್ಲಿ 26, 27, 28ನೇ ಪಿನ್ನುಗಳು ಹೊರಗಿನ ವೋಲ್ಟೇಜ್ ಓದಬಲ್ಲವು. ಸೆನ್ಸರಿನ ಮೂರು ತಂತಿಗಳಲ್ಲಿ ಒಂದನ್ನು 3.3 ವೋಲ್ಟ್‌ಗೆ, ಒಂದನ್ನು ಗ್ರೌಂಡ್‌ಗೆ, ಮತ್ತೊಂದನ್ನು 26ನೇ ಪಿನ್ನಿಗೆ ಸೇರಿಸಿ. ಮೆಷೀನ್ ಮಾಡ್ಯೂಲಿನಿಂದ ಎಡಿಸಿ ಎಂಬ ವೋಲ್ಟೇಜ್ ಅಳತೆಗಾರನನ್ನು ತರಿಸಿಕೊಳ್ಳಲು ಒಂದು ಸಾಲು, 26ನೇ ಪಿನ್ನಿಗೆ ಅದನ್ನು ಹೊಂದಿಸಲು ಇನ್ನೊಂದು ಸಾಲು, ಓದಲು ಮೂರನೆಯದು. ಉತ್ತರ 0ಯಿಂದ 65,535ರ ನಡುವಿನ ಒಂದು ಸಂಖ್ಯೆ. ಈ ದೊಡ್ಡ ಸಂಖ್ಯೆ ನೋಡಿ ಅಷ್ಟು ನಿಖರತೆ ಇದೆ ಎಂದುಕೊಳ್ಳಬಾರದು. ಚಿಪ್ಪಿನೊಳಗಿನ ಅಳತೆಗಾರ 12 ಬಿಟ್‌ನದು, ಅಂದರೆ 4,096 ಮೆಟ್ಟಿಲುಗಳು ಮಾತ್ರ. ಎಲ್ಲ ಬೋರ್ಡುಗಳಲ್ಲೂ ಒಂದೇ ಅಳತೆಗೋಲು ಇರಲಿ ಎಂದು ಮೈಕ್ರೊಪೈಥಾನ್ ಅದನ್ನು 16 ಬಿಟ್‌ಗೆ ಹಿಗ್ಗಿಸಿ ಕೊಡುತ್ತದೆ.

ಈಗ ಸೆನ್ಸರನ್ನು ಗಾಳಿಯಲ್ಲಿ ಹಿಡಿದು ಒಂದು ಅಳತೆ, ಲೋಟದ ನೀರಿನಲ್ಲಿ ಗುರುತಿನ ಗೆರೆಯವರೆಗೆ ಅದ್ದಿ ಇನ್ನೊಂದು ಅಳತೆ ತೆಗೆಯಿರಿ. ಈ ಬಗೆಯ ಸೆನ್ಸರಿನಲ್ಲಿ ಒಣಗಿದಾಗ ಸಂಖ್ಯೆ ಹೆಚ್ಚು, ಒದ್ದೆಯಾದಾಗ ಕಡಿಮೆ. ಆ ಎರಡು ಸಂಖ್ಯೆಗಳ ನಡುವೆ ನಿಮ್ಮ ಮಣ್ಣು ಎಲ್ಲಿದೆ ಎಂಬುದೇ ತೇವದ ಶೇಕಡಾವಾರು. ಮರಳು ಮಣ್ಣು, ಎರೆಮಣ್ಣು, ಕೆಮ್ಮಣ್ಣು ಒಂದೇ ನೀರಿಗೆ ಒಂದೇ ಸಂಖ್ಯೆ ತೋರಿಸುವುದಿಲ್ಲ. ಹಾಗಾಗಿ ಅಂತರ್ಜಾಲದಲ್ಲಿ ಸಿಕ್ಕ ಸಂಖ್ಯೆ ನಕಲು ಮಾಡಬೇಡಿ. ನಿಮ್ಮ ಹೊಲದ ಮಣ್ಣನ್ನು ಒಂದು ಡಬ್ಬಿಯಲ್ಲಿ ತಂದು, ಒಣಗಿಸಿ, ನೀರು ಹಾಕಿ ಅಳೆಯಿರಿ. ರೆಪಲ್‌ನಲ್ಲಿ ಈ ಕೆಲಸ ಒಂದು ಸಂಜೆಯದು.

ಸಂಖ್ಯೆಗಳು ಸರಿ ಎನಿಸಿದ ಮೇಲೆ ಅದೇ ಸಾಲುಗಳನ್ನು ಒಂದು ಕಡತದಲ್ಲಿ ಬರೆದು ‘ಮೇನ್ ಡಾಟ್ ಪಿವೈ’ ಎಂಬ ಹೆಸರಿನಲ್ಲಿ ಬೋರ್ಡಿನೊಳಗೆ ಉಳಿಸಬೇಕು. ಬೋರ್ಡಿಗೆ ವಿದ್ಯುತ್ ಬಂದಾಗಲೆಲ್ಲ ಆ ಹೆಸರಿನ ಕಡತ ತಾನಾಗಿ ಓಡುತ್ತದೆ, ಲ್ಯಾಪ್‌ಟಾಪ್ ಬೇಕಿಲ್ಲ. ಜೊತೆಗೆ ವಾಚ್‌ಡಾಗ್ ಇರಿಸುವುದು ಒಳ್ಳೆಯ ಅಭ್ಯಾಸ. ಪ್ರೋಗ್ರಾಂ ಆಗಾಗ ‘ನಾನಿದ್ದೇನೆ’ ಎಂದು ವಾಚ್‌ಡಾಗ್‌ಗೆ ತಿಳಿಸುತ್ತಿರಬೇಕು. ಪಿಕೊದಲ್ಲಿ ಗರಿಷ್ಠ ಸುಮಾರು 8.3 ಸೆಕೆಂಡ್ ಸುದ್ದಿ ಇಲ್ಲದಿದ್ದರೆ ಅದು ಚಿಪ್ಪನ್ನು ಮತ್ತೆ ಶುರುಮಾಡುತ್ತದೆ. ಊರಾಚೆಯ ತೋಟದಲ್ಲಿ ಕೂತ ಬೋರ್ಡು ತಡೆದು ನಿಂತರೆ ಯಾರೂ ಹೋಗಿ ಬಟನ್ ಒತ್ತಬೇಕಾಗಿಲ್ಲ.

ಇಲ್ಲಿ ಒಂದು ಎಚ್ಚರಿಕೆ. ಬೋರ್ಡಿನ ಪಿನ್ನಿನಿಂದ ಒಂದು ಎಲ್‌ಇಡಿ ಉರಿಸಬಹುದು. ಮೋಟಾರು, ರಿಲೇ ಸುರುಳಿಗಳನ್ನು ನೇರವಾಗಿ ಓಡಿಸಬಾರದು, ನಡುವೆ ಟ್ರಾನ್ಸಿಸ್ಟರ್ ಇರುವ ಮಾಡ್ಯೂಲ್ ಬೇಕು. ಪಿಕೊ, ಇಎಸ್‌ಪಿ32 ಎರಡೂ 3.3 ವೋಲ್ಟಿನ ಲೋಕದವು. 5 ವೋಲ್ಟ್ ಸಂಕೇತ ಕೊಡುವ ಅಲ್ಟ್ರಾಸೌಂಡ್ ಸೆನ್ಸರನ್ನು ನೇರ ಸಿಕ್ಕಿಸಿದರೆ ಪಿನ್ ಸುಟ್ಟುಹೋಗಬಹುದು. ಥ್ರೀ ಫೇಸ್ ಪಂಪಿನ ಸ್ಟಾರ್ಟರಿಗೆ ಹವ್ಯಾಸಿ ರಿಲೇ ಸೇರಿಸುವ ಸಾಹಸವಂತೂ ಬೇಡ. ಆ ಭಾಗ ಕಾಂಟ್ಯಾಕ್ಟರ್ ಬಲ್ಲ ಎಲೆಕ್ಟ್ರಿಷಿಯನ್ ಮಾಡಲಿ. ಪೈಥಾನ್ ಎಷ್ಟೇ ಸುಲಭವಾದರೂ ವಿದ್ಯುತ್ತಿನ ನಿಯಮ ಸಡಿಲವಾಗುವುದಿಲ್ಲ.

ಎಲ್ಲಿ ಸೋಲುತ್ತದೆ

ಬೈಟ್‌ಕೋಡನ್ನು ಒಂದೊಂದಾಗಿ ಓದಿ ನಡೆಸುವುದರಿಂದ ಲೆಕ್ಕಾಚಾರ ಹೆಚ್ಚಿರುವ ಕೆಲಸದಲ್ಲಿ ಮೈಕ್ರೊಪೈಥಾನ್ ಸಿ ಭಾಷೆಗಿಂತ ಹತ್ತಾರು ಪಟ್ಟು ನಿಧಾನ. ತೋಟದ ಮಣ್ಣು ಹತ್ತು ನಿಮಿಷಕ್ಕೊಮ್ಮೆ ಅಳೆಯುವುದಕ್ಕೆ ಇದು ಲೆಕ್ಕಕ್ಕೇ ಬಾರದು. ಸೆಕೆಂಡಿಗೆ ಸಾವಿರಾರು ಬಾರಿ ಮೋಟಾರನ್ನು ತಿದ್ದಬೇಕಾದ ಡ್ರೋನಿಗೆ ಇದು ಸಾಲದು.

ವೇಗಕ್ಕಿಂತ ಹೆಚ್ಚು ಕಾಡುವುದು ಮೆಮೊರಿ. ಪೈಥಾನಿನಲ್ಲಿ ಪಟ್ಟಿ, ಪಠ್ಯ, ದಶಮಾಂಶ ಸಂಖ್ಯೆ ಏನನ್ನು ಸೃಷ್ಟಿಸಿದರೂ ಹೀಪ್ ಎಂಬ ಜಾಗದಲ್ಲಿ ತುಣುಕು ಬೇಕು. ಬಳಸಿ ಬಿಟ್ಟ ತುಣುಕುಗಳನ್ನು ಗಾರ್ಬೇಜ್ ಕಲೆಕ್ಟರ್ ಆಗಾಗ ಬಂದು ಬಿಡಿಸುತ್ತದೆ. ಆ ಕೆಲಸಕ್ಕೆ ಕೆಲವು ಮಿಲಿಸೆಕೆಂಡ್ ಹಿಡಿಯುತ್ತದೆ, ಅಷ್ಟು ಹೊತ್ತು ನಮ್ಮ ಪ್ರೋಗ್ರಾಂ ನಿಂತಿರುತ್ತದೆ. ಯಾವಾಗ ಬರುತ್ತದೆ ಎಂದು ಮೊದಲೇ ಹೇಳಲಾಗದು. ಮೇಲಾಗಿ ಅದು ತುಣುಕುಗಳನ್ನು ಬಿಡಿಸುತ್ತದೆಯೇ ಹೊರತು ಒಂದೆಡೆ ಒತ್ತಾಗಿ ಜೋಡಿಸುವುದಿಲ್ಲ. ಬಸ್ಸಿನಲ್ಲಿ ಅಲ್ಲೊಂದು ಇಲ್ಲೊಂದು ಹತ್ತು ಸೀಟು ಖಾಲಿ ಇದ್ದರೂ ಮೂರು ಜನರ ಸಂಸಾರ ಒಟ್ಟಿಗೆ ಕೂರಲು ಜಾಗ ಸಿಗದಿರುವಂತೆ, 50 ಕಿಲೊಬೈಟ್ ಖಾಲಿ ಇದ್ದರೂ 10 ಕಿಲೊಬೈಟಿನ ಒಂದು ಬಫರಿಗೆ ಜಾಗ ಸಾಲದೆ ಪ್ರೋಗ್ರಾಂ ನಿಂತುಹೋಗಬಹುದು. ಎರಡು ದಿನ ಚೆನ್ನಾಗಿ ಓಡಿ ಮೂರನೆಯ ದಿನ ಕಾರಣವಿಲ್ಲದೆ ನಿಲ್ಲುವ ಉಪಕರಣಗಳ ಹಿಂದೆ ಹಲವು ಬಾರಿ ಇರುವುದು ಇದೇ. ದೊಡ್ಡ ಬಫರುಗಳನ್ನು ಪ್ರೋಗ್ರಾಮಿನ ಆರಂಭದಲ್ಲೇ ಒಮ್ಮೆ ಕಾಯ್ದಿರಿಸಿ, ಅವನ್ನೇ ಮತ್ತೆ ಮತ್ತೆ ಬಳಸುವುದು ಬಲ್ಲವರ ರೂಢಿ.

ಇಂಟರಪ್ಟ್‌ಗಳ (ಓಡುತ್ತಿರುವ ಪ್ರೋಗ್ರಾಮನ್ನು ತಡೆದು ತುರ್ತು ಕೆಲಸಕ್ಕೆ ಕರೆಯುವ ಸಂಕೇತಗಳ) ವಿಷಯದಲ್ಲಿ ಇನ್ನೂ ಬಿಗಿ. ಹಾರ್ಡ್ ಇಂಟರಪ್ಟ್ ನಡೆಯುವಾಗ ಹೀಪ್‌ನಲ್ಲಿ ಹೊಸ ಜಾಗ ಕೇಳುವಂತಿಲ್ಲ. ಒಂದು ದಶಮಾಂಶ ಗುಣಾಕಾರ ಕೂಡ ಅಲ್ಲಿ ದೋಷ ತರಿಸಬಹುದು. ಸಣ್ಣ ಪೂರ್ಣಾಂಕಗಳಿಗೆ ಈ ತೊಂದರೆ ಇಲ್ಲ.

ನಿಧಾನಗತಿಗೆ ಮೈಕ್ರೊಪೈಥಾನ್ ತನ್ನೊಳಗೇ ಕೆಲವು ಮದ್ದು ಇಟ್ಟುಕೊಂಡಿದೆ. ಒಂದು ಫಂಕ್ಷನ್ನಿನ ತಲೆಯ ಮೇಲೆ ‘ನೇಟಿವ್’ ಅಥವಾ ‘ವೈಪರ್’ ಎಂಬ ಗುರುತು ಹಾಕಿದರೆ ಆ ಭಾಗ ಮಾತ್ರ ಬೈಟ್‌ಕೋಡ್ ಬದಲು ಯಂತ್ರಭಾಷೆಗೆ ಬದಲಾಗುತ್ತದೆ. ಪಿಕೊದಲ್ಲಿ ಇನ್ನೂ ಸೊಗಸಾದ ಉಪಾಯವಿದೆ. ಆರ್‌ಪಿ2040 ಚಿಪ್ಪಿನಲ್ಲಿ ಪಿಐಒ ಎಂಬ ಎಂಟು ಪುಟ್ಟ ಯಂತ್ರಗಳಿವೆ. ಪಿನ್ನುಗಳನ್ನು ಗಡಿಯಾರದ ಮಿಡಿತಕ್ಕೆ ಸರಿಯಾಗಿ ಏರಿಳಿಸುವುದೊಂದೇ ಅವುಗಳ ಕೆಲಸ. ಹಬ್ಬದ ಅಲಂಕಾರಕ್ಕೆ ಬಳಸುವ, ಒಂದೊಂದು ದೀಪಕ್ಕೂ ಬೇರೆ ಬಣ್ಣ ಕೊಡಬಹುದಾದ ಡಬ್ಲ್ಯುಎಸ್2812 ಪಟ್ಟಿಗಳಿಗೆ ಸೆಕೆಂಡಿಗೆ 8 ಲಕ್ಷ ಬಿಟ್‌ಗಳ ವೇಗದಲ್ಲಿ ಸಂಕೇತ ಹೋಗಬೇಕು. ಪೈಥಾನಿಗೆ ಅದು ಅಸಾಧ್ಯ. ಆದರೆ ಪಿಐಒಗೆ ಬೇಕಾದ ನಾಲ್ಕೈದು ಸಾಲಿನ ಆದೇಶವನ್ನು ಪೈಥಾನ್ ಕಡತದೊಳಗೇ ಬರೆಯಬಹುದು. ಆಮೇಲೆ ಪೈಥಾನ್ ಬಣ್ಣ ಹೇಳುತ್ತದೆ, ಪಿಐಒ ಸಮಯ ಪಾಲಿಸುತ್ತದೆ. ಉನ್ನತ ಮಟ್ಟದ ಭಾಷೆ ಮತ್ತು ಹಾರ್ಡ್‌ವೇರ್ ಹೇಗೆ ಕೂಡಿ ಬಾಳಬೇಕು ಎಂಬುದಕ್ಕೆ ಇದಕ್ಕಿಂತ ಚಂದದ ಮಾದರಿ ನಾನು ಕಂಡಿಲ್ಲ.

ಪರದೆಯ ಮೇಲೆ ಕನ್ನಡ

ಕನ್ನಡದವರಿಗೆ ಎದುರಾಗುವ ತೊಡಕೊಂದನ್ನು ಬೇರೆಯಾಗಿ ಹೇಳಬೇಕು. ಮೈಕ್ರೊಪೈಥಾನಿನಲ್ಲಿ ಪಠ್ಯ ಯೂನಿಕೋಡ್ ರೂಪದಲ್ಲೇ ಇರುತ್ತದೆ. ರೆಪಲ್‌ನಲ್ಲಿ ‘ನಮಸ್ಕಾರ’ ಎಂದು ಮುದ್ರಿಸಿದರೆ ಲ್ಯಾಪ್‌ಟಾಪ್ ಕಿಟಕಿಯಲ್ಲಿ ಸರಿಯಾಗಿ ಕಾಣುತ್ತದೆ. ಆದರೆ ಬೋರ್ಡಿಗೆ ಜೋಡಿಸಿದ ಓಎಲ್‌ಇಡಿ ಪರದೆಯ ಮೇಲೆ ಅದೇ ಪದ ಬರೆಯಲು ಹೋದರೆ ಬರುವುದಿಲ್ಲ. ಮೈಕ್ರೊಪೈಥಾನಿನ ಜೊತೆ ಬರುವ ಅಕ್ಷರಮಾದರಿ 8×8 ಚುಕ್ಕಿಗಳದು, ಅದರಲ್ಲಿರುವುದು ಇಂಗ್ಲಿಷ್ ಅಕ್ಷರ, ಅಂಕಿ, ಚಿಹ್ನೆಗಳು ಮಾತ್ರ.

ಕನ್ನಡದ ಅಕ್ಷರಮಾದರಿ ಸೇರಿಸಿದರೂ ಕೆಲಸ ಮುಗಿಯದು. ‘ನಮಸ್ಕಾರ’ ನಮ್ಮ ಕಣ್ಣಿಗೆ ನಾಲ್ಕು ಅಕ್ಷರ. ಯೂನಿಕೋಡಿನ ಲೆಕ್ಕದಲ್ಲಿ ನ, ಮ, ಸ, ವಿರಾಮ, ಕ, ಆಕಾರದ ಗುರುತು, ರ ಎಂದು ಏಳು ಸಂಕೇತ. ಒಂದೊಂದಕ್ಕೆ ಮೂರು ಬೈಟ್‌ನಂತೆ ಮೆಮೊರಿಯಲ್ಲಿ 21 ಬೈಟ್. ‘ಸ್ಕಾ’ ಎಂದು ತೋರಿಸಲು ಸಕಾರಕ್ಕೆ ದೀರ್ಘ ಹಚ್ಚಿ ಅದರ ಕೆಳಗೆ ಕಕಾರದ ಒತ್ತು ಕೂರಿಸಬೇಕು. ಲ್ಯಾಪ್‌ಟಾಪಿನಲ್ಲಿ ಇದನ್ನು ಮಾಡುವ ತಂತ್ರಾಂಶವೇ ಒಂದು ಮೈಕ್ರೊಕಂಟ್ರೋಲರಿನ ಮೆಮೊರಿಗಿಂತ ದೊಡ್ಡದು.

ಸದ್ಯಕ್ಕೆ ಕೆಲಸ ಮಾಡುವ ದಾರಿ ಸರಳ. ತೋರಿಸಬೇಕಾದ ಪದಗಳು ಮೊದಲೇ ಗೊತ್ತಿದ್ದರೆ (‘ನೀರು ಬಿಡಿ’, ‘ತೇವ ಸಾಕು’, ‘ತೊಟ್ಟಿ ತುಂಬಿದೆ’) ಅವನ್ನು ಲ್ಯಾಪ್‌ಟಾಪಿನಲ್ಲೇ ಕಪ್ಪುಬಿಳುಪು ಚಿತ್ರಗಳಾಗಿ ಮಾಡಿ ಬೋರ್ಡಿಗೆ ಕಳಿಸಬಹುದು. 128×64 ಚುಕ್ಕಿಗಳ ಪೂರ್ತಿ ಪರದೆಯ ಚಿತ್ರಕ್ಕೆ ಬೇಕಾದದ್ದು 1,024 ಬೈಟ್ ಮಾತ್ರ. ಹಾಗಾಗಿ ಪಿಕೊದ ಫ್ಲ್ಯಾಶಿನಲ್ಲಿ ನೂರಾರು ಸಂದೇಶಗಳಿಗೆ ಜಾಗವಿದೆ. ಅಂಕಿಗಳು ಬದಲಾಗುವ ಕಡೆ ಹತ್ತು ಅಂಕಿಗಳ ಚಿತ್ರ ಸಾಕು. ಆದರೆ ಯಾವುದೇ ಕನ್ನಡ ವಾಕ್ಯವನ್ನು ಇಂಥ ಚಿಕ್ಕ ಚಿಪ್ಪಿನಲ್ಲೇ ಜೋಡಿಸುವ, ಸೀಮಿತ ಒತ್ತಕ್ಷರಗಳ ಹಗುರ ಲೈಬ್ರರಿಯೊಂದನ್ನು ಬರೆಯುವುದು ಕನ್ನಡದ ವಿದ್ಯಾರ್ಥಿಗಳಿಗೆ ಒಳ್ಳೆಯ ಪ್ರಾಜೆಕ್ಟ್. ಎಂಜಿನಿಯರಿಂಗ್ ಕೊನೆಯ ವರ್ಷದ ಕೆಲಸಕ್ಕೆ ಮತ್ತೆ ಮತ್ತೆ ಅದೇ ಸ್ಮಾರ್ಟ್ ಡಸ್ಟ್‌ಬಿನ್ ಮಾಡುವುದಕ್ಕಿಂತ ಇದು ಸಾವಿರ ಪಾಲು ಉಪಯೋಗ.

ಪೈಥಾನ್ ಒಂದೇ ಅಲ್ಲ

ಬ್ರೆಜಿಲ್‌ನಲ್ಲಿ ಹುಟ್ಟಿದ ಲುವಾ ಭಾಷೆ ನೋಡ್‌ಎಂಸಿಯು ಮೂಲಕ ಇಎಸ್‌ಪಿ8266 ಚಿಪ್ಪಿಗೆ 2014ರಲ್ಲೇ ಬಂದಿತ್ತು. ಜಾವಾಸ್ಕ್ರಿಪ್ಟ್ ಬಲ್ಲವರಿಗೆ ಎಸ್ಪ್ರುಯಿನೊ ಇದೆ. ಟೈನಿಗೊ ಎಂಬುದು ಗೋ ಭಾಷೆಯನ್ನು ನೇರ ಯಂತ್ರಭಾಷೆಗೆ ತಿರುಗಿಸುವುದರಿಂದ ವೇಗದಲ್ಲಿ ಮುಂದಿದೆ, ಆದರೆ ರೆಪಲ್‌ನ ಸುಖ ಅಲ್ಲಿಲ್ಲ. ರಸ್ಟ್ ಭಾಷೆ ಮೆಮೊರಿ ತಪ್ಪುಗಳನ್ನು ಕಂಪೈಲ್ ಹಂತದಲ್ಲೇ ಹಿಡಿಯುವ ಕಾರಣ ಕೈಗಾರಿಕೆಯ ಗಮನ ಸೆಳೆದಿದೆ. ಕಲಿಯಲು ಮಾತ್ರ ಶ್ರಮ ಬೇಕು. ಪುಸ್ತಕ, ಉದಾಹರಣೆ, ಸೆನ್ಸರುಗಳ ಸಿದ್ಧ ಡ್ರೈವರ್ ಎಲ್ಲವನ್ನೂ ಲೆಕ್ಕಕ್ಕೆ ತೆಗೆದುಕೊಂಡರೆ ಹೊಸಬರಿಗೆ ಇಂದು ಪೈಥಾನ್‌ಗೆ ಸಾಟಿ ಇಲ್ಲ.

ಶುರುಮಾಡುವವರಿಗೆ

ಶಾಲೆಯ ಮಕ್ಕಳಿಗೆ ಮೈಕ್ರೊಬಿಟ್ ಒಳ್ಳೆಯದು. ಗುಂಡಿ, ದೀಪ, ಅಲುಗಾಟ ಅಳೆಯುವ ಸೆನ್ಸರ್ ಎಲ್ಲ ಅದರ ಮೈಮೇಲೇ ಇವೆ; 2020ರ ಎರಡನೇ ಆವೃತ್ತಿಯಲ್ಲಿ ಸ್ಪೀಕರ್, ಮೈಕ್ ಕೂಡ ಇವೆ, ರ್‍ಯಾಮ್ 128 ಕಿಲೊಬೈಟ್‌ಗೆ ಏರಿದೆ. ವೈಫೈ ಬೇಕಾದವರು ಪಿಕೊ ಡಬ್ಲ್ಯು ಅಥವಾ ಇಎಸ್‌ಪಿ32 ಆರಿಸಿಕೊಳ್ಳಬಹುದು. ಇಎಸ್‌ಪಿ32 ಚಿಪ್ಪಿನ ವೋಲ್ಟೇಜ್ ಅಳತೆ ಅಷ್ಟು ನೇರವಾಗಿಲ್ಲ, ವೈಫೈ ಓಡುವಾಗ ಅದರ ಕೆಲವು ಅಳತೆ ಪಿನ್ನುಗಳು ಕೆಲಸ ಮಾಡುವುದೂ ಇಲ್ಲ. ಆದರೆ ಬ್ಯಾಟರಿಯಲ್ಲಿ ತಿಂಗಳುಗಟ್ಟಲೆ ಮಲಗಿ ಆಗಾಗ ಎದ್ದು ಸುದ್ದಿ ಕಳಿಸುವ ಕೆಲಸದಲ್ಲಿ ಅದು ಮುಂದು. 2024ರಲ್ಲಿ ಬಂದ ಪಿಕೊ 2ರಲ್ಲಿ ರ್‍ಯಾಮ್ 520 ಕಿಲೊಬೈಟ್, ಫ್ಲ್ಯಾಶ್ 4 ಮೆಗಾಬೈಟ್. ಬಿಡುಗಡೆಯಾದಾಗ ಅದರ ಬೆಲೆ 5 ಡಾಲರ್ ಇತ್ತು.

ಬೆಂಗಳೂರಿನವರಿಗೆ ಎಸ್‌ಪಿ ರಸ್ತೆಯ ಅಂಗಡಿಗಳಿವೆ, ಉಳಿದ ಊರುಗಳವರಿಗೆ ಆನ್‌ಲೈನ್ ಮಳಿಗೆಗಳು. ಬೆಸುಗೆ ಬಾರದವರು ಪಿನ್ನುಗಳನ್ನು ಮೊದಲೇ ಕೂರಿಸಿದ ಪಿಕೊ ಎಚ್ ಮಾದರಿ ಕೇಳಿ ಕೊಳ್ಳಿ. ಯುಎಸ್‌ಬಿ ಕೇಬಲ್ ಡೇಟಾ ಸಾಗಿಸುವಂಥದ್ದೇ ಎಂದು ನೋಡಿಕೊಳ್ಳಿ. ಚಾರ್ಜಿಂಗಿಗೆ ಮಾತ್ರ ಆಗುವ ಕೇಬಲಿನಿಂದ ಬೋರ್ಡಿಗೆ ವಿದ್ಯುತ್ ಬಂದರೂ ಲ್ಯಾಪ್‌ಟಾಪಿಗೆ ಅದು ಕಾಣುವುದಿಲ್ಲ, ಹೊಸಬರು ಬೋರ್ಡೇ ಕೆಟ್ಟಿದೆ ಎಂದುಕೊಳ್ಳುತ್ತಾರೆ. ಪಿಕೊ ಬೋರ್ಡಿನ ಬೂಟ್‌ಸೆಲ್ ಗುಂಡಿ ಒತ್ತಿಹಿಡಿದು ಕೇಬಲ್ ಸಿಕ್ಕಿಸಿದರೆ ಅದು ಪೆನ್‌ಡ್ರೈವ್‌ನಂತೆ ತೆರೆದುಕೊಳ್ಳುತ್ತದೆ. ಮೈಕ್ರೊಪೈಥಾನಿನ ಯುಎಫ್2 ಕಡತವನ್ನು ಅದರೊಳಗೆ ಎಳೆದು ಬಿಟ್ಟರೆ ಸ್ಥಾಪನೆ ಮುಗಿಯಿತು.

ಮೊದಲ ಪ್ರಯೋಗಕ್ಕೆ ಸೆನ್ಸರ್ ಕೂಡ ಬೇಕಿಲ್ಲ. ಆರ್‌ಪಿ2040 ಚಿಪ್ಪಿನೊಳಗೇ ಒಂದು ಉಷ್ಣಮಾಪಕವಿದೆ. ಎಡಿಸಿಯ 4ನೇ ಚಾನೆಲ್ ಓದಿದರೆ ಅದರ ವೋಲ್ಟೇಜ್ ಸಿಗುತ್ತದೆ. 27 ಡಿಗ್ರಿಯಲ್ಲಿ ಅದು 0.706 ವೋಲ್ಟ್, ಆಮೇಲೆ ಪ್ರತಿ ಡಿಗ್ರಿ ಏರಿಕೆಗೆ 1.721 ಮಿಲಿವೋಲ್ಟ್ ಇಳಿಯುತ್ತದೆ. ಈ ಎರಡು ಸಂಖ್ಯೆಗಳಿಂದ ಉಷ್ಣತೆ ಲೆಕ್ಕ ಹಾಕುವ ಸಾಲನ್ನು ನೀವೇ ಬರೆಯಿರಿ, ಚಿಪ್ಪಿನ ಮೇಲೆ ಬೆರಳಿಟ್ಟು ಸಂಖ್ಯೆ ಏರುವುದನ್ನು ನೋಡಿ. ಕೆಲವು ತಿಂಗಳು ಹೀಗೆ ಕಲಿತ ಮೇಲೆ ಸಿ ಭಾಷೆಯ ಪುಸ್ತಕವನ್ನೂ ತೆರೆಯಿರಿ; ಪಿನ್, ವೋಲ್ಟೇಜ್, ಇಂಟರಪ್ಟ್ ಏನೆಂದು ಆಗಲೇ ಕೈಗೆ ಗೊತ್ತಿರುವುದರಿಂದ ಅದು ಮೊದಲಿನಷ್ಟು ಕಷ್ಟವೆನಿಸುವುದಿಲ್ಲ.